ಕರವಸ್ತ್ರವೂ ಈಚಲ ಪರಾಗವೂ

ಮಹಾನಗರದ ಒಂದು ಬೀದಿಯಲ್ಲಿ, ಶಾಂತವೀರಯ್ಯ ಎಂಬ ಗೃಹಸ್ಥರ ಜೇಬಿನಲ್ಲಿ, ಒಂದು ಹಳೆಯ ಕರವಸ್ತ್ರ ವಾಸವಾಗಿತ್ತು. ಮರಗಳು ಹೂ ಬಿಡುವ ಕಾಲ ಬಂತೆಂದರೆ ಅದಕ್ಕೆ ಪುರುಸೊತ್ತೇ ಇರಲಿಲ್ಲ. ಯಜಮಾನರು ಬೆಳಗ್ಗೆ ಗೇಟು ತೆರೆದ ಕೂಡಲೇ ಸೀನಲು ಶುರುಮಾಡುತ್ತಿದ್ದರು. ಒಂದು ದಿನ ಸೀನಿದ ರಭಸಕ್ಕೆ ಪರಾಗದ ಕಣವೊಂದು ಮೂಗಿನಿಂದ ಕರವಸ್ತ್ರಕ್ಕೆ ಬಿತ್ತು.

"ಎಲೈ ಪರಾಗವೇ, ನಮ್ಮ ಯಜಮಾನರು ನಿನಗೇನು ಅನ್ಯಾಯ ಮಾಡಿದ್ದಾರೆ? ವರ್ಷವರ್ಷವೂ ಬಂದು ಅವರ ಪ್ರಾಣ ಹಿಂಡುತ್ತೀಯಲ್ಲ!" ಎಂದು ಕರವಸ್ತ್ರ ಗದರಿತು.

"ಕ್ಷಮಿಸಬೇಕು, ನಾನು ಹೊರಟದ್ದು ಅವರ ಮೂಗಿಗಲ್ಲ," ಎಂದಿತು ಪರಾಗ. "ಎದುರು ಬೀದಿಯ ಗಂಡು ಈಚಲು ಮರ ನನ್ನನ್ನು ಕಳಿಸಿತು. ಈ ಗೇಟಿನ ಪಕ್ಕ ಹೆಣ್ಣು ಈಚಲು ಇದೆ, ಅದರ ಹೂವನ್ನು ಸೇರು ಅಂದಿತು. ಎಷ್ಟು ಸುತ್ತಿದರೂ ಮರ ಕಾಣಲಿಲ್ಲ. ಎಲ್ಲಿದೆ, ನಿಮಗೆ ಗೊತ್ತೆ?"

ಕರವಸ್ತ್ರಕ್ಕೆ ಗೊತ್ತಿತ್ತು. ಆ ಮರದಡಿ ಉದುರಿದ ಹಣ್ಣನ್ನು ಯಜಮಾನರು ಮಗಳಿಗೆಂದು ಆಯ್ದು ಗಂಟು ಕಟ್ಟುತ್ತಿದ್ದುದು ಈ ಕರವಸ್ತ್ರದಲ್ಲೇ. ಗಂಟು ಬಿಚ್ಚುವ ಮೊದಲೇ ಆ ಹುಡುಗಿ ಮೂಸಿ ನೋಡಿ ನಗುತ್ತಿದ್ದಳು. ಆಮೇಲೆ ಮನೆಗೆ ಕಾರು ಬಂತು. ಹಣ್ಣು ಬಿದ್ದು ಕಾರೆಲ್ಲ ಅಂಟಂಟಾಗುತ್ತದೆಂದು ಯಜಮಾನರೇ ಮುಂದೆ ನಿಂತು ಮರ ಕಡಿಸಿದರು.

ಕರವಸ್ತ್ರದ ಒಂದು ಮೂಲೆಯಲ್ಲಿ, ಎಷ್ಟು ಒಗೆದರೂ ಹೋಗದ ಆ ಹಣ್ಣಿನ ಕಲೆಯಿತ್ತು. ಅದು ಕಣವನ್ನು ಆ ಕಲೆಯ ಮೇಲೆ ಕೂರಿಸಿಕೊಂಡು, "ಆ ಮರದ್ದು ಇಷ್ಟೇ ಉಳಿದಿರುವುದು, ಕೂತುಕೋ ಮಗು," ಎಂದಿತು.

ಶಾಂತವೀರಯ್ಯನವರು ಇನ್ನೊಮ್ಮೆ ಸೀನಿ, ಎದುರು ಬೀದಿಯ ಗಂಡು ಈಚಲನ್ನು ದುರುಗುಟ್ಟಿ ನೋಡಿ, "ಇದನ್ನೂ ಕಡಿಸಬೇಕು," ಎಂದರು.