ಮುಚ್ಚಬೇಡ ಅಂದ ಬೀಜ

ಬೆಟ್ಟದ ನೆತ್ತಿ ಮೇಲೆ ಒಂದು ಮಠ ಇತ್ತು. ಮಠ ಅಂದ ತಕ್ಷಣ ಆನೆ, ಪಲ್ಲಕ್ಕಿ ಅಂತೆಲ್ಲ ಅಂದ್ಕೋಬೇಡಿ. ಎರಡು ಕೋಣೆ, ಒಂದು ಹಿತ್ತಲು, ಒಬ್ಬ ಗುರು, ಒಬ್ಬ ಶಿಷ್ಯ. ಚಳಿ ಮಾತ್ರ ಬೇಕಾದಷ್ಟು.

ಗುರುವಿನ ಹೆಸರು ಕರಿಬಸವಯ್ಯ. ಎಲ್ಲರೂ ‘ಬುದ್ಧಿ’ ಅಂತ ಕರೀತಿದ್ರು. ಶಿಷ್ಯನ ಹೆಸರು ತಿಪ್ಪೇಶ. ಪ್ರಸಾದ ಕೊಟ್ರೂ ಮೂಸಿ ನೋಡಿ ಬಾಯಿಗೆ ಹಾಕ್ಕೊಳ್ಳೋ ಆಸಾಮಿ.

ತಿಪ್ಪೇಶ ಮಠಕ್ಕೆ ಬಂದ ಹೊಸದರಲ್ಲಿ ಹಿತ್ತಲಲ್ಲಿ ಆಳೆತ್ತರದ ಒಂದು ಗಿಡ ಹೂ ಬಿಟ್ಟು ನಿಂತಿತ್ತು. ದಂಟಿನ ತುಂಬ ನೇರಳೆ ಬಣ್ಣದ ಹೂವು, ಗಂಟೆ ತೂಗುಹಾಕಿದ ಹಾಗೆ.

“ಇದೇನು ಹೂವು ಬುದ್ಧಿ?”

“ಫಾಕ್ಸ್‌ಗ್ಲೋವ್ ಅಂತಾರೆ. ನರಿಯ ಕೈಗವಸು ಅಂತ ಅರ್ಥವಂತೆ. ನನ್ನ ಗುರುಗಳು, ದೊಡ್ಡ ಬುದ್ಧಿ, ಎಲ್ಲಿಂದಲೋ ಬೀಜ ತಂದು ಹಾಕಿದ್ದು.”

ಹೆಸರಲ್ಲೇ ನರಿ ಇದೆ ಅಂತ ತಿಪ್ಪೇಶ ಮನಸ್ಸಲ್ಲೇ ಒಂದು ಗುರುತು ಹಾಕ್ಕೊಂಡ.

ಗುರು ಒಂದು ಬಾಡಿದ ಎಲೆ ಕಿತ್ತು ಎಸೆದರು. ಆಮೇಲೆ ಬಚ್ಚಲಿಗೆ ಹೋಗಿ ಮೊಣಕೈವರೆಗೂ ಸೀಗೆಪುಡಿ ಹಚ್ಚಿ ತಿಕ್ಕಿ ತೊಳೆದರು.

ಒಂದು ಎಲೆ ಮುಟ್ಟಿದ್ದಕ್ಕೆ ಇಷ್ಟೊಂದು ತೊಳೆಯೋದಾ? ಇನ್ನೊಂದು ಗುರುತು.

ಮರುದಿನ ಹಾಲು ಕೊಡೋಕೆ ಬಂದ ಸಣ್ಣೀರಮ್ಮ ಗುಟ್ಟು ಬಿಚ್ಚಿದಳು.

“ಆ ಗಿಡದ ಹತ್ರ ಹೋಗೀಯ ಕಣಪ್ಪ! ಎಲೆ, ಹೂವು, ಬೀಜ ಎಲ್ಲಾ ವಿಷ. ಹೊಟ್ಟೆಗೆ ಹೋದ್ರೆ ಎದೆ ನಿಂತೋಗತ್ತೆ. ನಮ್ಮ ಎಮ್ಮೆನೂ ಮೂಸಲ್ಲ.”

“ದೊಡ್ಡ ಬುದ್ಧಿ ಹೇಗೆ ಹೋದ್ರು?”

“ಎದೆ ನಿಂತು. ಬೆಳಿಗ್ಗೆ ಕಷಾಯ ಕುಡಿದ್ರು, ಕೂತಲ್ಲೇ ಹೋದ್ರು. ಆಗ್ಲೂ ಹಿತ್ತಲಲ್ಲಿ ಇದೇ ಹೂ ಬಿಟ್ಟಿತ್ತು.”

“ಕಷಾಯ ಮಾಡಿಕೊಟ್ಟಿದ್ದು ಯಾರು?”

“ಇನ್ಯಾರು, ಈ ಬುದ್ಧಿನೇ. ಇದ್ದಿದ್ದೇ ಇಬ್ಬರು.”

ಹಾಲು ಅಳೆದುಕೊಟ್ಟು ಅವಳು ಬೆಟ್ಟ ಇಳಿದಳು.

ತಿಪ್ಪೇಶ ಅವತ್ತೇ ಬಟ್ಟೆ ಗಂಟು ಕಟ್ಟಿ ಗೂಟಕ್ಕೆ ನೇತುಹಾಕಿದ. ಆದ್ರೆ ಹೊರಡಲಿಲ್ಲ. ಊರಿಗೆ ಹೋದ್ರೆ ‘ಇದನ್ನೂ ಅರ್ಧಕ್ಕೆ ಬಿಟ್ಟು ಬಂದ್ಯಾ’ ಅಂತಾರೆ. ಅದೂ ಅಲ್ಲದೆ, ಬೈಯದೆ, ಕೆಣಕದೆ ಅವನನ್ನ ಮನುಷ್ಯನ ತರ ನೋಡಿಕೊಂಡೋರು ಈ ಗುರು ಒಬ್ಬರೇ. ಅನುಮಾನಕ್ಕೆ ಅದೂ ಒಂದು ಕಾರಣ ಅನ್ನಿ.

ಹೋಗೋಕೂ ಆಗಲ್ಲ, ಸಾಯೋಕೂ ಇಷ್ಟ ಇಲ್ಲ. ಅದಕ್ಕೆ ಒಂದು ಉಪಾಯ ಮಾಡಿದ.

ದಿನಾ ಬೆಳಿಗ್ಗೆ ಗುರು ಜೀರಿಗೆ ಕಷಾಯ ಕಾಯಿಸಿ ಎರಡು ಹಿತ್ತಾಳೆ ಲೋಟಕ್ಕೆ ಹುಯ್ದು, ತಮ್ಮ ಮುಂದೊಂದು, ಶಿಷ್ಯನ ಮುಂದೊಂದು ಇಟ್ಟು, ಕಣ್ಣು ಮುಚ್ಚಿ ದೊಡ್ಡ ಬುದ್ಧೀನ ನೆನೀತಿದ್ರು. ಆ ಸಂದಿಯಲ್ಲಿ ತಿಪ್ಪೇಶ ಲೋಟ ಬದಲಾಯಿಸಿಬಿಡ್ತಿದ್ದ.

ಗುರು ಕಣ್ಣು ಬಿಡ್ತಿದ್ರು. ಕುಡೀತಿದ್ರು. ಏನೂ ಆಗ್ತಿರಲಿಲ್ಲ.

“ಇವತ್ತು ಹಾಕಿಲ್ಲ,” ಅಂದ್ಕೊಳ್ತಿದ್ದ ತಿಪ್ಪೇಶ.

ಹೂವೆಲ್ಲ ಉದುರಿ, ಕಾಯಿ ಒಣಗಿ, ಗಿಡ ಕಂದು ಬಣ್ಣಕ್ಕೆ ತಿರುಗಿತು.

“ಒಂದು ವರ್ಷ ಬರೀ ಎಲೆ, ಮುಂದಿನ ವರ್ಷ ಹೂವು. ಹೂ ಬಿಟ್ಟ ಮೇಲೆ ಸಾಯತ್ತೆ,” ಅಂದ್ರು ಗುರು. ಒಣಕಾಯಿನೆಲ್ಲ ಒಡೆದು ಅವನ ಅಂಗೈಗೆ ಕೊಡವಿದ್ರು. “ಈ ಸಲ ನೀನು ಬಿತ್ತು.”

ತಿಪ್ಪೇಶ ನೋಡ್ದ. ಕಂದು ಪುಡಿ.

“ಇದು ಬೀಜನೋ, ನಶ್ಯನೋ ಬುದ್ಧಿ?”

“ಮೂಗಿಗೆ ಏರಿಸ್ಬೇಡ ಮಾರಾಯ. ಮಣ್ಣು ಹದ ಮಾಡಿ ಮೇಲೆ ಉದುರಿಸು. ಮುಚ್ಚಬೇಡ.”

“ಇರುವೆ ಹೊತ್ಕೊಂಡು ಹೋದ್ರೆ?”

“ಹೋಗಲಿ.”

“ಗಾಳಿಗೆ ಹಾರಿಹೋದ್ರೆ?”

“ಹೋಗಲಿ. ಮುಚ್ಚಬೇಡ, ಅಷ್ಟೇ.”

“ಇರೋದು ಇಷ್ಟೇನಾ?”

“ಇಷ್ಟೇ. ಇದು ಹುಟ್ಟದಿದ್ರೆ ದೊಡ್ಡ ಬುದ್ಧಿ ತಂದಿದ್ದು ಇಲ್ಲಿಗೆ ಮುಗೀತು.”

ತಿಪ್ಪೇಶ ಪಾತಿ ಮಾಡ್ದ, ಉದುರಿಸಿದ, ಯೋಚನೆಗೆ ಬಿದ್ದ. ಬೀಜ ಹಾಕಿ ಮಣ್ಣು ಮುಚ್ಚದೆ ಬಿಡೋರು ಎಲ್ಲಾದ್ರೂ ಉಂಟಾ? ಇದು ಹುಟ್ಟಬಾರದು, ತಪ್ಪು ನನ್ನ ತಲೆಗೆ ಬರಬೇಕು, ಇದೇ ಆಟ!

ಆ ಕಡೆ ಈ ಕಡೆ ನೋಡಿ, ಎರಡು ಬೆರಳು ದಪ್ಪ ಮಣ್ಣು ಎಳೆದು, ತಟ್ಟಿ ಸಮ ಮಾಡ್ದ. ಬೆವೆತ ಅಂಗೈಯಲ್ಲಿ ಪುಡಿ ಅಂಟಿತ್ತು. ವಿಷ! ಹಿತ್ತಲ ಬಾಗಿಲ ಮೆಟ್ಟಿಲ ಹತ್ರ ನಿಂತು ಎರಡೂ ಕೈ ಪಟಪಟ ಕೊಡವಿ, ಮೊಣಕೈವರೆಗೂ ತೊಳೆದ.

ದಿನ ಕಳೀತು. ಪಾತಿಯಲ್ಲಿ ಹಸಿರೇ ಇಲ್ಲ. ಗುರು ದಿನಾ ಬಂದು ನೋಡಿ ಒಳಗೆ ಹೋಗೋರು.

ಇವರೇ ಬಿಸಿನೀರು ಹುಯ್ದಿರಬೇಕು, ಸಾಕ್ಷಿ ಅಳಿಸೋಕೆ. ತಿಪ್ಪೇಶನ ತಲೆ ಆ ಮಟ್ಟಕ್ಕೆ ಓಡ್ತಿತ್ತು.

ಒಂದು ಬೆಳಿಗ್ಗೆ ಗುರು ಹಿತ್ತಲ ಬಾಗಿಲಲ್ಲಿ ಒಂದು ಕಾಲು ಎತ್ತಿಕೊಂಡು ಹಾಗೇ ನಿಂತಿದ್ರು.

“ತಿಪ್ಪೇಶ, ಬಾ ಇಲ್ಲಿ. ನೋಡ್ಕೊಂಡು ಕಾಲಿಡು.”

ಮೆಟ್ಟಿಲ ಕಲ್ಲಿನ ಸಂದಿ ತುಂಬ ಪುಟಾಣಿ ಎಲೆಗಳು ಗುಂಪು ಗುಂಪಾಗಿ ಎದ್ದಿದ್ವು.

“ಇಲ್ಲಿ ಬಿತ್ತಿದ್ದು ಯಾರು?”

“ಯಾರೂ ಇಲ್ಲ ಬುದ್ಧಿ. ಕೈ ಕೊಡವಿದ್ದೆ.”

“ಪಾತಿಯಲ್ಲಿ?”

“ಅಲ್ಲಿ... ಮುಚ್ಚಿದೆ.”

“ಈ ಬೀಜಕ್ಕೆ ಬೆಳಕು ಬೀಳದಿದ್ರೆ ಮೊಳಕೆ ಬರಲ್ಲ ಕಣಯ್ಯಾ.”

“ಇದನ್ನ ಅವತ್ತೇ ಹೇಳಬಾರದಿತ್ತಾ?”

“ಹೇಳಿದ್ರೆ ನಂಬ್ತಿದ್ಯಾ?”

ತಿಪ್ಪೇಶ ಹೆಬ್ಬೆರಳಲ್ಲಿ ನೆಲ ಕೆರೆದ.

“ಇನ್ನೂ ಏನೇನು ಮುಚ್ಚಿಟ್ಟಿದೀಯ?”

ತಿಪ್ಪೇಶ ತಲೆ ಎತ್ತಿ ಕೇಳಿಯೇಬಿಟ್ಟ.

“ದೊಡ್ಡ ಬುದ್ಧೀನ ನೀವೇ ಕೊಂದ್ರಾ?”

ಗುರು ಸಸಿಗಳ ಮುಂದೆ ಕುಕ್ಕರಗಾಲಲ್ಲಿ ಕೂತ್ರು.

“ಹೌದು ಅಂದ್ರೆ ಓಡಿಹೋಗ್ತೀಯ. ಇಲ್ಲ ಅಂದ್ರೆ ನಂಬಲ್ಲ. ಏನನ್ನಲಿ?”

“ನಿಜ ಹೇಳಿ.”

“ಇಲ್ಲ ಕಣಯ್ಯಾ. ತುಂಬ ವಯಸ್ಸಾಗಿತ್ತು, ಹೋದ್ರು. ಕುಡಿದಿದ್ದು ಜೀರಿಗೆ ಕಷಾಯನೇ. ನಂಬಿಕೆ ಬಂತಾ?”

ತಿಪ್ಪೇಶ ತನ್ನೊಳಗೆ ತಡಕಾಡಿ ನೋಡ್ದ.

“ಅರ್ಧ ಬಂತು ಬುದ್ಧಿ.”

“ಅರ್ಧ ಬಂದಿದ್ರೆ ಒಳಗೆ ಬಾ. ಚಳಿ.”

ಇಬ್ಬರೂ ಸಸಿ ದಾಟಿ ಒಳಗೆ ಬಂದ್ರು. ಗುರು ಕಷಾಯ ಕಾಯಿಸಿದ್ರು, ಎರಡು ಲೋಟಕ್ಕೆ ಹುಯ್ದು ಇಟ್ರು.

“ಈಗ ನಾನೊಂದು ಕೇಳ್ತೀನಿ. ಆ ಗಿಡ ವಿಷ ಅಂತ ಒಬ್ಬನಿಗೆ ಗೊತ್ತು. ದಿನಾ ಬೆಳಿಗ್ಗೆ, ನಾನು ಕಣ್ಣು ಮುಚ್ಚಿದಾಗ, ಕದ್ದು ನನ್ನ ಲೋಟಕ್ಕೆ ಕೈ ಹಾಕ್ತಾನೆ. ಅವನನ್ನ ನಾನು ಯಾರು ಅಂತ ತಿಳ್ಕೊಳ್ಳಲಿ?”

ತಿಪ್ಪೇಶ ಎರಡೂ ಲೋಟ ನೋಡ್ದ. ತಾನು ಮಾಡ್ತಿದ್ದ ಕೆಲಸ ಆ ಕಡೆಯಿಂದ ಹೇಗೆ ಕಾಣತ್ತೆ ಅಂತ ಅವನು ಒಂದು ದಿನವೂ ನೋಡಿರಲಿಲ್ಲ.

“ನಿಮಗೆ ಗೊತ್ತಿತ್ತಾ?”

“ಹಿತ್ತಾಳೆ ಲೋಟ ಕಣೋ. ಸದ್ದು ಮಾಡತ್ತೆ.”

“ಗೊತ್ತಿದ್ದೂ ಕುಡಿದ್ರಲ್ಲ ಬುದ್ಧಿ!”

ಗುರು ಕೈ ಮುಗಿದು, ದಿನದ ಹಾಗೇ ಕಣ್ಣು ಮುಚ್ಚಿದ್ರು.

ಗೂಟದಲ್ಲಿ ಬಟ್ಟೆ ಗಂಟು ನೇತಾಡ್ತಿತ್ತು. ಎರಡು ಲೋಟದಿಂದಲೂ ಹಬೆ ಏಳ್ತಿತ್ತು. ತಿಪ್ಪೇಶನ ಕೈ ಎದ್ದಿತು, ಲೋಟದ ಹತ್ರ ಹೋಯ್ತು, ವಾಪಸ್ ಬಂದು ತೊಡೆ ಮೇಲೆ ಕೂತಿತು. ಮತ್ತೆ ಎದ್ದಿತು.

ಗುರು ಕಣ್ಣು ಬಿಡದೆ ಅಂದ್ರು:

“ಏನಾದ್ರೂ ಒಂದು ಬೇಗ ಮಾಡಯ್ಯಾ, ಆರಿಹೋಗತ್ತೆ.”