ಉಡದ ಎಲೆಯಲ್ಲಿ ಮೊಲದ ತುಪ್ಪಳ

ಬಂಡೆಹಟ್ಟಿಯಲ್ಲಿ ಹದಿನಾರು ಮನೆ. ಸುತ್ತ ಕರೀ ಬಂಡೆಗಳ ಗುಡ್ಡ, ಬಂಡೆಗಳ ನಡುವೆ ಮುಳ್ಳುಪೊದೆ. ಆಗೆಲ್ಲ ಬೇಟೆ ಬೇಡ ಅನ್ನುವವರು ಇರಲಿಲ್ಲ. ಈಗ ಗುಡ್ಡದಲ್ಲಿ ಪ್ರಾಣಿಯೂ ಉಳಿದಿಲ್ಲ, ಸರ್ಕಾರವೂ ಬಿಡುವುದಿಲ್ಲ, ಬಿಡಲೂಬಾರದು. ಇದು ಬಹಳ ಹಿಂದಿನ ಮಾತು, ಮಕ್ಕಳೇ.

ಆ ಹಟ್ಟಿಯವರು ಮೊಲ ತಿನ್ನುತ್ತಿದ್ದರು, ಉಡ ತಿನ್ನುತ್ತಿದ್ದರು, ಕಾಡುಹಂದಿ, ಮುಳ್ಳುಹಂದಿ, ಗೌಜಲಕ್ಕಿ ತಿನ್ನುತ್ತಿದ್ದರು. ಚಿಪ್ಪುಹಂದಿ ಸಿಕ್ಕಿದರೆ ಅದನ್ನೂ ಬಿಡುತ್ತಿರಲಿಲ್ಲ. ಹಾಗಂತ ಸಿಕ್ಕಿದ್ದನ್ನೆಲ್ಲ ತಿನ್ನುವ ಜನ ಅಲ್ಲ. ನರಿ ಮುಟ್ಟುತ್ತಿರಲಿಲ್ಲ, ಅದು ಸತ್ತದ್ದಕ್ಕೆ ಬಾಯಿ ಹಾಕುತ್ತದೆ ಅಂತ. ಕೋತಿ ಮುಟ್ಟುತ್ತಿರಲಿಲ್ಲ, ಅದರ ಅಂಗೈ ನಮ್ಮ ಅಂಗೈ ಹಾಗೇ ಇದೆ ಅಂತ. ಬಸುರಿ ಪ್ರಾಣಿ ಬಂದರೆ ಬಲೆ ಎತ್ತಿ ದಾರಿ ಬಿಡುತ್ತಿದ್ದರು.

ಇಷ್ಟು ಊರಿಗೆಲ್ಲ ಒಂದೇ ಕಟ್ಟು. ಇದರ ಮೇಲೆ ಒಂದೊಂದು ಮನೆತನ ಒಂದೊಂದು ಪ್ರಾಣಿಯನ್ನು ಬಿಟ್ಟಿತ್ತು. ಕಾಟಯ್ಯನ ಮನೆಯವರು ಮೊಲ ತಿನ್ನುವಂತಿಲ್ಲ. ಅವರ ಹಿರೀಕರು ನೀರಿಲ್ಲದೆ ಸಾಯುತ್ತಿದ್ದಾಗ ಒಂದು ಮೊಲ ಒದ್ದೆ ಮೂತಿ ಹೊತ್ತು ಪೊದೆಯಿಂದ ಹಾರಿತಂತೆ. ಅಲ್ಲಿ ಅಗೆದರೆ ನೀರು. ದಾಸವ್ವನ ಮನೆಯವರು ಉಡ ತಿನ್ನುವಂತಿಲ್ಲ. ಬಂಡೆ ಸಂದಿಯಲ್ಲಿ ಮಲಗಿಸಿದ್ದ ಅವರ ಕೂಸಿನ ಹತ್ತಿರ ಹಾವು ಬರದ ಹಾಗೆ ಉಡವೊಂದು ಸಂಜೆಯವರೆಗೆ ಕಾದಿತ್ತಂತೆ. ಹೀಗೆ ಅನ್ನ ಹಾಕಿದವರನ್ನು ನೆನೆದ ಹಾಗೆ ಆ ಪ್ರಾಣಿಗಳನ್ನು ನೆನೆಯುತ್ತಿದ್ದರು. ಗೊತ್ತಿಲ್ಲದೆ ತಿಂದರೂ ತಿಂದದ್ದೇ. ತಿಂದವರು ಒಂದು ವರ್ಷ ಮನೆದೇವರ ದೀಪ ಮುಟ್ಟುವ ಹಾಗಿಲ್ಲ.

ಚರ್ಮ ಸುಲಿದು ಕೊಚ್ಚಿದ ಮೇಲೆ ಯಾವ ಬಾಡು ಯಾವುದರದು ಅಂತ ಹೇಗೆ ತಿಳಿಯಬೇಕು? ಅದಕ್ಕೇ ಪಾಲಿನ ಮೇಲೆ ಗುರುತು ಇಡುವ ಪದ್ಧತಿ. ಹಂದಿಯಾದರೆ ಒಂದು ಚಿಟಿಕೆ ಬಿರುಗೂದಲು, ಮುಳ್ಳುಹಂದಿಯಾದರೆ ಒಂದು ಮುಳ್ಳು, ಮೊಲವೋ ಉಡವೋ ಆದರೆ ಅದರ ಒಂದು ಕಾಲು. ಮನೆಯ ಹೆಣ್ಣುಮಗಳು ಮೊದಲು ಗುರುತು ನೋಡುವಳು, ಆಮೇಲೆ ಒಲೆ ಹಚ್ಚುವಳು.

ಪಾಲು ಮಾಡುತ್ತಿದ್ದವಳು ಗಾದ್ರವ್ವ. ಮೂವತ್ತು ವರ್ಷದಿಂದ ಪಾಲು ಕೊಯ್ಯುವ ಕತ್ತಿ ಅವಳ ಸೊಂಟದಲ್ಲೇ ಇತ್ತು. ಒಂದು ಮನೆಗೆ ಹೆಚ್ಚು, ಒಂದು ಮನೆಗೆ ಕಡಿಮೆ ಅನ್ನುವ ಮಾತು ಒಮ್ಮೆಯೂ ಬಂದಿರಲಿಲ್ಲ. ಗಂಡ ಇಲ್ಲ, ಮಕ್ಕಳಿಲ್ಲ. ಹಟ್ಟಿಯಲ್ಲಿ ಅವಳ ಮರ್ಯಾದೆ ಅಂದರೆ ಆ ಕತ್ತಿಯೇ.

ಒಂದು ವರ್ಷದಿಂದ ಅವಳ ಕಣ್ಣು ಮಂಜಾಗುತ್ತಾ ಬಂದಿತ್ತು. ಯಾರಿಗೂ ಹೇಳಿರಲಿಲ್ಲ. ಕಾಲುಗಳನ್ನು ಬೆರಳಿನಿಂದ ಗುರುತಿಸುತ್ತಿದ್ದಳು. ಮೊಲದ ಕಾಲು ಮೆತ್ತಗೆ, ಉಡದ ಕಾಲು ಒರಟು. ಬಾಡನ್ನು ಮಾತ್ರ ಹಾಗೆ ಗುರುತಿಸಲು ಬರುವುದಿಲ್ಲವಲ್ಲ, ಅದಕ್ಕೆ ಮೊಲದ್ದನ್ನು ಯಾವಾಗಲೂ ಬಲಗಡೆ ಎಲೆ ಮೇಲೆ ಹಾಕಿಸುತ್ತಿದ್ದಳು, ಉಡದ್ದನ್ನು ಎಡಗಡೆ.

ಒಂದು ಸಲ ಕಾಟಯ್ಯ ಎಲ್ಲರ ಎದುರಿಗೇ ಕೇಳಿದ್ದ. "ಗಾದ್ರವ್ವ, ನಿನ್ನ ಕಣ್ಣು ಸರಿಯಿಲ್ಲ ಅನ್ನಿಸ್ತದೆ. ಕತ್ತಿ ನನ್ನ ಹೆಂಡ್ತಿ ಕೈಗೆ ಕೊಟ್ಟು ಸುಮ್ಮನೆ ಕೂತ್ಕೋಬಾರ್ದಾ?"

"ನಿನ್ನ ಮೀಸೇಲಿ ಬಿಳೀ ಕೂದ್ಲು ಎಷ್ಟು ಅದಾವೆ, ಇಲ್ಲೇ ಕೂತು ಎಣಿಸಿ ಹೇಳ್ಲೇನಪ್ಪಾ?" ಅಂದಿದ್ದಳು ಗಾದ್ರವ್ವ. ಹಟ್ಟಿಯೆಲ್ಲ ನಕ್ಕಿತ್ತು. ಕಾಟಯ್ಯನ ಮುಖ ಕೆಂಪಾಗಿತ್ತು. ಅದನ್ನು ಅವಳು ಕಾಣಲಿಲ್ಲ, ಬೇರೆಯವರು ಹೇಳಿದ ಮೇಲೆ ತಿಳಿಯಿತು.

ಆಮೇಲೊಮ್ಮೆ ಹತ್ತು ದಿನ ಬಲೆ ಖಾಲಿ ಬಂತು. ಹನ್ನೊಂದನೆಯ ದಿನ ಎರಡು ಮೊಲ, ಎರಡು ಉಡ ಸಿಕ್ಕವು. ನಾಲ್ಕು ಪ್ರಾಣಿಗೆ ಹದಿನಾರು ಕಾಲು, ಹದಿನಾರು ಮನೆ. ಮನೆಗೊಂದು ಹಿಡಿ ಬಾಡು. ಹಸಿದ ಹಟ್ಟಿಗೆ ಅದೇ ಹಬ್ಬ.

ಹದಿನಾಲ್ಕು ಪಾಲು ಕೊಟ್ಟು ಗಾದ್ರವ್ವ ನೀರು ಕುಡಿಯಲು ಎದ್ದಳು. ಅಷ್ಟರಲ್ಲಿ ಬಿಸಿಲು ಎಲೆಗಳ ಮೇಲೆ ಬಂತು. ಬೇಟೆಗೆ ಹೋಗಿದ್ದವರು ಎರಡೂ ಎಲೆಗಳನ್ನು ಬೇವಿನ ಮರದ ಕೆಳಗೆ ಎಳೆದರು. "ನೆರಳಿಗೆ ಹಾಕೀವಿ ಕಣವ್ವ" ಅಂದರು. ಎಡದ್ದು ಬಲಕ್ಕೆ ಬಂದಿದೆ ಅಂತ ಹೇಳಲಿಲ್ಲ. ಯಾಕೆ ಹೇಳುತ್ತಾರೆ? ಕಣ್ಣು ಚೆನ್ನಾಗಿದೆ ಅಂತ ಅವಳೇ ಹೇಳಿದ್ದಳಲ್ಲ.

ಉಳಿದದ್ದು ಎರಡು ಪಾಲು. ಒಂದನ್ನು ಕಾಟಯ್ಯನ ಹೆಂಡತಿ ಪಾಲಮ್ಮ ಒಯ್ದಳು, ಇನ್ನೊಂದನ್ನು ದಾಸವ್ವ ಒಯ್ದಳು.

ಎಲ್ಲರೂ ಹೋದ ಮೇಲೆ ಗಾದ್ರವ್ವ ನಾಯಿ ಎಳೆಯದ ಹಾಗೆ ಎಲೆಗಳನ್ನು ಮಡಿಸತೊಡಗಿದಳು. ಎಡಗಡೆಯದ್ದು ಕೈಗೆ ಬಂತು. ಬೆರಳಿಗೆ ಏನೋ ಮೆತ್ತಗೆ ಅಂಟಿತು. ಕೆನ್ನೆಗೆ ಇಟ್ಟು ನೋಡಿದಳು. ತುಪ್ಪಳ.

ಉಡಕ್ಕೆ ಎಲ್ಲಿಯ ತುಪ್ಪಳ?

ಇನ್ನೊಂದು ಎಲೆಯನ್ನು ಬೆರಳಿನಿಂದ ಸವರಿದಳು. ಅದರಲ್ಲಿ ಒರಟು ಚರ್ಮದ ಚೂರು. ಕೊನೆಯ ಎರಡು ಪಾಲು ತಿರುಗುಮುರುಗಾಗಿದ್ದವು. ಮೊಲ ಬಿಟ್ಟ ಮನೆಗೆ ಉಡದ ಕಾಲಿಟ್ಟು ಮೊಲ ಕೊಟ್ಟಿದ್ದಳು. ಉಡ ಬಿಟ್ಟ ಮನೆಗೆ ಮೊಲದ ಕಾಲಿಟ್ಟು ಉಡ ಕೊಟ್ಟಿದ್ದಳು.

ಎಲೆ ಸುಟ್ಟರಾಯಿತು, ಯಾರಿಗೆ ಗೊತ್ತಾಗುತ್ತದೆ ಅಂತ ಒಂದು ಗಳಿಗೆ ಅನ್ನಿಸಿತು. ಮರುಗಳಿಗೆಗೆ ಕಾಟಯ್ಯನ ತಾಯಿ ಬೋರವ್ವ ನೆನಪಾದಳು. ಆ ಮನೆಯಲ್ಲಿ ಮೊದಲ ತುತ್ತು ಹಿರಿಯಳದು. ಆ ಮನೆಯ ದೀಪವೂ ಅವಳ ಕೈಯದೇ, ಮದುವೆಯಾಗಿ ಬಂದ ದಿನದಿಂದ. ವಯಸ್ಸು ಎಂಬತ್ತರ ಹತ್ತಿರ. ಇನ್ನು ಒಂದು ವರ್ಷ ದೀಪ ಮುಟ್ಟಬೇಡ ಅಂದರೆ ಮತ್ತೆ ಮುಟ್ಟುತ್ತಾಳೋ ಇಲ್ಲವೋ. ಗಾದ್ರವ್ವ ಎದ್ದಳು.

ಅವಳ ಗುಡಿಸಲು ಹಟ್ಟಿಯ ನಡುವೆ. ಮೂಡಲ ಕೊನೆಗೆ ಕಾಟಯ್ಯನ ಮನೆ, ಪಡುವಲ ಕೊನೆಗೆ ದಾಸವ್ವನ ಮನೆ. ಎರಡೂ ಅಷ್ಟೇ ದೂರ. ಮೂಡಲಿಗೆ ಹತ್ತು ಹೆಜ್ಜೆ ಹಾಕಿದಳು. ಒಲೆ ಹೊಗೆಯ ವಾಸನೆ ಬಂತು. ಜೊತೆಗೆ ಕಾಟಯ್ಯ ಯಾರಿಗೋ ಬೇಟೆಯ ಸುದ್ದಿ ಹೇಳಿ ನಗುತ್ತಿದ್ದ ದನಿ. ಕಾಲು ನಿಂತಿತು. ಹೋಗಿ ಹೇಳಿದರೆ ಅವನು ಏನನ್ನುತ್ತಾನೆ? 'ನಾನು ಅವತ್ತೇ ಹೇಳಲಿಲ್ವಾ' ಅನ್ನುತ್ತಾನೆ. ಹದಿನಾರು ಮನೆಗೂ ಕೇಳುವ ಹಾಗೆ ಅನ್ನುತ್ತಾನೆ.

ಈಗ ತಾನೆ ಒಲೆ ಹಚ್ಚಿದ್ದಾರೆ, ಖಾರ ಅರೆಯಬೇಕು, ಬಾಡು ಬೇಯಬೇಕು, ಹೊತ್ತಿದೆ ಅಂದುಕೊಂಡಳು. ಮೊದಲು ದಾಸಿಗೆ ಹೇಳಿ, ಅವಳನ್ನೂ ಜೊತೆಗೆ ಕರೆದುಕೊಂಡು ಬಂದರಾಯಿತು ಅಂದುಕೊಂಡಳು. ತಿರುಗಿ ಪಡುವಲಿಗೆ ನಡೆದಳು. ನಡೆಯುತ್ತಾ ಎರಡು ಸಲ ಎಡವಿದಳು.

ದಾಸವ್ವನ ಒಲೆ ಇನ್ನೂ ಹೊತ್ತಿರಲಿಲ್ಲ. ಹಸಿ ಸೌದೆ ಊದಿ ಊದಿ ಅವಳ ಕಣ್ಣಲ್ಲಿ ನೀರು.

"ಏನೇ ಗಾದ್ರಿ, ಪಾಲು ಕೊಟ್ಟು ಊಟಕ್ಕೂ ನೀನೇ ಬಂದ್ಯಾ? ಹೀಗಾದ್ರೆ ನಮಗೇನು ಉಳೀತದೆ?"

"ಬೇಯಿಸಬ್ಯಾಡ ದಾಸಿ. ಅದು ಮೊಲ ಅಲ್ಲ. ಉಡ."

ದಾಸವ್ವ ಕೈಯಲ್ಲಿದ್ದ ಬೋಗುಣಿಯನ್ನು ಮೆಲ್ಲಗೆ ಕೆಳಗಿಟ್ಟಳು. ಅದರ ಮೇಲೆ ಸೆರಗು ಮುಚ್ಚಿ ಎರಡೂ ಕೆನ್ನೆ ಮುಟ್ಟಿಕೊಂಡಳು. ಆಮೇಲೆ ಗೆಳತಿಯ ಮುಖ ನೋಡಿದಳು. ಅದು ಬೂದಿಯ ಹಾಗಿತ್ತು. ದಾಸವ್ವನಿಗೆ ಕನಿಕರ ಬಂತು.

"ಹೋಗ್ಲಿ ಬಿಡೇ. ಬೆಂಕಿ ಕಾಣೋಕೆ ಮುಂಚೆ ಬಂದ್ಯಲ್ಲ. ನಿನ್ನ ಕಣ್ಣು ಹೋಗೈತೆ ಅಂತ ನನಗೆ ಆವಾಗ್ಲೇ ಗೊತ್ತು. ಮೊನ್ನೆ ನಮ್ಮ ಕರೀ ಕುರಿ ಹತ್ರ ನಿಂತ್ಕೊಂಡು, 'ಯಾಕವ್ವ ಸೊಸೆ, ಮಾತಾಡಲ್ಲ?' ಅಂತ ಕೇಳ್ತಿದ್ದೆ."

"ನಿನ್ನ ಸೊಸೇನೂ ಮಾತಾಡಲ್ವಲ್ಲೇ" ಅಂದಳು ಗಾದ್ರವ್ವ.

ಇಬ್ಬರೂ ನಕ್ಕರು. ಗಾದ್ರವ್ವನಿಗೆ ಹೋದ ಜೀವ ಬಂದ ಹಾಗಾಯಿತು. ದಾಸವ್ವ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿ ಕೊಟ್ಟಳು. ಗಾದ್ರವ್ವ ಗೋಡೆಗೆ ಒರಗಿ ಬಾಯಿಗೆ ಹಾಕಿಕೊಂಡಳು. ಅಡಿಕೆ ಗಟ್ಟಿಯಾಗಿತ್ತು. ಅಗಿಯುತ್ತಾ ಅಗಿಯುತ್ತಾ, ಕಾಟಯ್ಯನ ಮುಂದೆ ಯಾವ ಮಾತು ಮೊದಲು ಆಡಬೇಕು ಅಂತ ಮನಸ್ಸಿನಲ್ಲೇ ಜೋಡಿಸುತ್ತಿದ್ದಳು. ಯಾವ ಮಾತೂ ಸರಿಹೋಗಲಿಲ್ಲ. ಹೊಸದಾಗಿ ಜೋಡಿಸಿದಳು. ಹೊತ್ತು ಹೋಯಿತು.

ದಾಸವ್ವ ಕೇಳಿದಳು: "ನಮ್ಮ ಮೊಲ ಯಾರ ಮನೆಗೆ ಹೋತು?"

"ಕಾಟಯ್ಯನ ಮನೆಗೆ."

"ಅವರು ಏನಂದ್ರು?"

"ಇನ್ನೂ ಹೇಳಿಲ್ಲ."

ದಾಸವ್ವನ ಬಾಯಿ ಅಗಿಯುವುದು ನಿಂತಿತು. "ಮತ್ತೆ ಇಲ್ಲಿ ಯಾಕೆ ಕೂತೀಯೇ? ಏಳು, ಏಳು ಮೇಲೆ."

ಗಾದ್ರವ್ವ ಎದ್ದು ಓಡಿದಳು. ಮುದುಕಿ ಓಡಿದರೆ ಎಷ್ಟು ಓಡಿಯಾಳು. ದಾರಿಯ ಕಲ್ಲು ಕಾಣದು. ಒಂದು ಕಡೆ ಬಿದ್ದಳು, ಮೊಣಕಾಲು ತರಚಿ ಹೋಯಿತು. ಹಟ್ಟಿಯ ನಡುವೆ ಬರುವಾಗ ಮಸಾಲೆಯ ಘಮ ಬಂತು. ಇನ್ನಷ್ಟು ಮುಂದೆ ಬಂದಾಗ ಹೊಗೆ ವಾಸನೆ ಇಲ್ಲ. ಒಲೆ ಆರಿಸಿದ್ದಾರೆ. ಒಲೆ ಆರಿಸಿದ್ದಾರೆ ಅಂದರೆ ಬಡಿಸಿದ್ದಾರೆ.

ಕಾಟಯ್ಯನ ಬಾಗಿಲಲ್ಲಿ ನಿಂತು ಅವಳು ಅಂದಳು, "ಬೋರಿ, ಕೈ ತೆಗಿ. ಅದು ಮೊಲ."

ಒಳಗೆ ಬೋರವ್ವನೊಬ್ಬಳೇ ಗಂಗಾಳದ ಮುಂದೆ ಕೂತಿದ್ದಳು. ಮಿಕ್ಕವರು ತಮ್ಮ ಸರದಿಗೆ ಕಾಯುತ್ತಿದ್ದರು. ಮುದ್ದೆ ಅರ್ಧ ಮುಗಿದಿತ್ತು. ಒಂದು ತುತ್ತು ಬಾಯಲ್ಲಿತ್ತು. ಅದನ್ನು ಅವಳು ನುಂಗಲೂ ಇಲ್ಲ, ಉಗಿಯಲೂ ಇಲ್ಲ. ಹಾಗೇ ಕೂತಳು.

ಪಾಲಮ್ಮ ಸೌಟನ್ನು ಗಡಿಗೆಯೊಳಗೇ ಬಿಟ್ಟಳು. "ಕುದಿಯುವಾಗ ವಾಸನೆಗೇ ನನಗೆ ಅನುಮಾನ ಬಂದಿತ್ತು. ತವರಲ್ಲಿ ನಾನು ಮೊಲ ತಿಂದವಳೇ. ಆದ್ರೆ ಉಡದ ಕಾಲಿತ್ತಲ್ಲ. ಗಾದ್ರವ್ವ ಇಟ್ಟ ಕಾಲು, ನನ್ನ ಮೂಗೇ ತಪ್ಪಿರಬೇಕು ಅಂದ್ಕೊಂಡೆ."

ಕಾಟಯ್ಯ ಎದ್ದು ಬಾಗಿಲಿಗೆ ಬಂದ. ಕೂಗುತ್ತಾನೆ ಅಂತ ಗಾದ್ರವ್ವ ಕಣ್ಣು ಮುಚ್ಚಿಕೊಂಡಳು. ಅವನು ಕೂಗಲಿಲ್ಲ.

"ಯಾವಾಗ ಗೊತ್ತಾತು ನಿನಗೆ?"

'ಈಗ ತಾನೆ' ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಬಾಯೆಲ್ಲ ಎಲೆಯಡಿಕೆಯಿಂದ ಕೆಂಪಗಿತ್ತು. ಅದನ್ನು ಅವನು ನೋಡುತ್ತಿದ್ದ.

"ಎಲೆ ಮಡಿಸುವಾಗ" ಅಂದಳು.

"ಆಗ ನಮ್ಮ ಒಲೆ?"

"ಹೊಗೆ ಶುರುವಾಗಿತ್ತು. ನೆಟ್ಟಗೆ ಬಂದಿದ್ರೆ ನೀರು ಕುದಿಯೋಕೆ ಮುಂಚೆ ಬರ್ತಿದ್ದೆ."

"ಎಲ್ಲಿ ಹೋಗಿದ್ದೆ?"

"ದಾಸಿ ಮನೆಗೆ. ಅವಳು ಬೈಯಲ್ಲ ಅಂತ."

ಕಾಟಯ್ಯ ಅಂದ, "ಕಣ್ಣು ಎಲ್ಲರದ್ದೂ ಮಂಜಾಗ್ತದೆ ಗಾದ್ರವ್ವ. ನಾಳೆ ನಂದೂ ಆಗ್ತದೆ. ಎಲೆ ಅದಲು ಬದಲಾಗಿದ್ದಕ್ಕೆ ನಾನು ಒಂದು ಮಾತೂ ಅನ್ನಲ್ಲ. ಗೊತ್ತಾದ ಮೇಲೂ ಹೋಗಿ ಎಲೆಯಡಿಕೆ ಹಾಕ್ಕೊಂಡು ಕೂತ್ಯಲ್ಲ, ಅದಕ್ಕೆ ಏನಂತ ಅನ್ನಲಿ?"

ಗಾದ್ರವ್ವ ಸೊಂಟದ ಕತ್ತಿ ಬಿಚ್ಚಿ ಹೊಸ್ತಿಲ ಮೇಲಿಟ್ಟಳು. ಯಾರೂ ಕೇಳಿರಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ.

ಅಷ್ಟರಲ್ಲಿ ದಾಸವ್ವ ತನ್ನ ಬೋಗುಣಿ ಹೊತ್ತು ಏದುತ್ತಾ ಬಂದಳು. ಎರಡು ಮನೆಯವರೂ ಪಾಲು ಬದಲಾಯಿಸಿಕೊಂಡರು. ಆ ದಿನ ಯಾರೂ ಹಸಿದು ಮಲಗಲಿಲ್ಲ. ಬಾಡು ಬದಲಾಯಿಸಬಹುದು. ಬೋರವ್ವ ನುಂಗಿದ್ದನ್ನು ಬದಲಾಯಿಸುವುದು ಹೇಗೆ? ಅವಳು ಅಂಗಳಕ್ಕೆ ಬಂದು ಏಳು ಸಲ ಬಾಯಿ ಮುಕ್ಕಳಿಸಿದಳು. ಮತ್ತೆ ಒಳಗೆ ಹೋಗಲಿಲ್ಲ. ಹೊರಗಿನ ಕಲ್ಲಿನ ಮೇಲೆ ಕೂತಳು. ಹೊತ್ತು ಮುಳುಗುವಾಗ ಒಳಗೆ ಪಾಲಮ್ಮ ದೀಪ ಹಚ್ಚಿದಳು. ಬತ್ತಿ ಎಷ್ಟು ಉದ್ದ ಎಳೀಬೇಕು ಅಂತ ಒಳಗಿಂದಲೇ ಕೇಳಿದಳು. ಬೋರವ್ವ ಹೊರಗಿಂದ ಹೇಳಿಕೊಟ್ಟಳು.

ಗಾದ್ರವ್ವ ಹೋಗಿ ಅದೇ ಕಲ್ಲಿನ ತುದಿಯಲ್ಲಿ ಕೂತಳು. ಬೈಯಲಿ ಅಂತ ಕಾದಳು. ಬೋರವ್ವ ಬೈಯಲಿಲ್ಲ. ಒಳಗಿನ ದೀಪದ ಕಡೆ ನೋಡುತ್ತಾ ಅಂದಳು:

"ಬಂದೆ ಗಾದ್ರಿ, ಬರಲಿಲ್ಲ ಅನ್ನಲ್ಲ. ಆದ್ರೆ ಊರೆಲ್ಲ ಸುತ್ತಿ ಬಂದೆ."

ನೀತಿ: ತಪ್ಪು ಯಾರ ಕೈಯಿಂದಲೂ ಆಗುತ್ತದೆ, ಮಕ್ಕಳೇ, ಅದಕ್ಕೆ ಹೆದರಬೇಡಿ. ಆದರೆ ಆಗಿದೆ ಅಂತ ತಿಳಿದ ಕೂಡಲೇ, ಯಾರ ಮುಖ ನೋಡಲು ಕಾಲು ಹಿಂದೆಗೆಯುತ್ತದೋ ಅವರ ಬಾಗಿಲಿಗೇ ಮೊದಲು ಹೋಗಿ ಹೇಳಿ. ಬೈಯದವರ ಮನೆಯಲ್ಲಿ ಕೂತು ನಾವು ಧೈರ್ಯ ತಂದುಕೊಳ್ಳುವಷ್ಟರಲ್ಲಿ, ನಮ್ಮನ್ನು ನಂಬಿದವರು ತುತ್ತು ನುಂಗಿ ಆಗಿರುತ್ತದೆ.