ಲಕ್ಕಿ ಎಲೆಗೆ ಐದು ಬೆರಳು

ಭೂಮಿಗೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲ ಅದು. ಯಾವ ಕಡೆ ಹರಿಯಬೇಕೆಂದು ಹಳ್ಳಗಳು ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿದ್ದವು. ಗಾಳಿ, ಎಮ್ಮೆ, ಗಿಡ, ಸೊಳ್ಳೆ ಎಲ್ಲರಿಗೂ ಮಾತು ಬರುತ್ತಿತ್ತು. ಸುಮ್ಮನಿರುವುದು ಮಾತ್ರ ಯಾರಿಗೂ ಬರುತ್ತಿರಲಿಲ್ಲ.

ಆಗ ಒಂದು ಹಳ್ಳದ ದಂಡೆಯಲ್ಲಿ ಲಕ್ಕಿ ಗಿಡವಿತ್ತು. ಅದರ ಎಲೆ ದುಂಡಗೆ, ಹಸಿರಾಗಿ, ಒಂದಿಷ್ಟೂ ವಾಸನೆಯಿಲ್ಲದೆ ಇತ್ತು. ಕುರಿಮರಿಗಳು ಬಂದು ಅದನ್ನು ಮೆಲ್ಲುತ್ತಿದ್ದವು. ಲಕ್ಕಿಗೆ ಅದೇ ಸಂತೋಷ. ಪಾಪ, ಅದಕ್ಕಿದ್ದ ನೆಂಟರೆಂದರೆ ಆ ಮರಿಗಳಷ್ಟೇ.

ಒಂದು ಸಂಜೆ ಕುರಿ ಕಾಯುವ ಮಾಳವ್ವ ಅಲ್ಲಿ ಬಂದು ಇಳಿದಳು. ಕುರಿಗಾರರಿಗೆ ಹೊತ್ತು ಮುಳುಗಿದಲ್ಲೇ ಮನೆ. ಆಕಾಶವೇ ಸೂರು, ಕಂಬಳಿಯೇ ಹಾಸಿಗೆ. ಗಂಡ ದೊಡ್ಡ ಹಿಂಡನ್ನು ಹೊಡೆದುಕೊಂಡು ಮುಂದೆ ಹೋಗಿದ್ದ. ಮಾಳವ್ವನ ಬಳಿ ನಾಲ್ಕು ಎಳೆ ಮರಿಗಳೂ ನಲವತ್ತು ದಿನದ ಕೂಸೂ ಇದ್ದವು.

ಕೂಸಿನ ಕೆನ್ನೆ, ಕಿವಿ, ಪುಟ್ಟ ಪಾದ, ಎಲ್ಲ ಕಡೆ ಸೊಳ್ಳೆ ಕಚ್ಚಿದ ಕೆಂಪು ದದ್ದು. ಮೂರು ದಿನದಿಂದ ಅದಕ್ಕೆ ನಿದ್ದೆಯಿಲ್ಲ. ಇವತ್ತು ಹಾಲನ್ನೂ ಬಿಟ್ಟಿತ್ತು. ಇವತ್ತೂ ನಿದ್ದೆ ಹತ್ತದಿದ್ದರೆ ಕೂಸು ತನ್ನ ಕೈಗೆ ದಕ್ಕುವುದಿಲ್ಲ ಎಂದು ಮಾಳವ್ವನಿಗೆ ಭಯವಾಯಿತು.

ಅವಳು ಕೈ ಬೀಸುತ್ತ ಕೂತಳು. ಕೈ ಆಡಿದರೆ ಸೊಳ್ಳೆ ದೂರ. ಕೈ ನಿಂತರೆ ಸೊಳ್ಳೆ ಹಾಜರು.

“ಬ್ಯಾರೆ ಕಡೆ ಹೋಗವ್ವಾ, ಇದು ಎಳೆ ಕೂಸು,” ಎಂದು ಮಾಳವ್ವ ಬೇಡಿಕೊಂಡಳು.

“ನನ್ನ ಹೊಟ್ಟ್ಯಾಗೂ ತತ್ತಿ ಅದಾವ, ಮಾಳವ್ವ,” ಎಂದಿತು ಸೊಳ್ಳೆ. “ಎಮ್ಮಿ ಚರ್ಮ ಭಾಳ ದಪ್ಪ. ನಾ ಎಲ್ಲಿಗೆ ಹೋಗ್ಲಿ?”

ಇವಳು ಬಾಣಂತಿ, ಅದು ಬಸುರಿ. ಹೊಡೆಯಲು ಮಾಳವ್ವನಿಗೆ ಮನಸ್ಸು ಬರಲಿಲ್ಲ. ಹಾಗಂತ ಬೀಸುವುದನ್ನೂ ಬಿಡಲಿಲ್ಲ.

ಹಳ್ಳದಲ್ಲಿ ಬಿದ್ದುಕೊಂಡಿದ್ದ ಎಮ್ಮೆ ಕತ್ತೆತ್ತಿತು. “ಕೆಸರು ಬಳಿ. ನನ್ನ ನೋಡು, ಎಷ್ಟ್ ಆರಾಮ ಅದೀನಿ!” ಮಾಳವ್ವ ಬಳಿದಳು. ಕೆಸರು ಒಣಗಿ ಮೈ ಬಿಗಿದು ಕೂಸು ಇನ್ನೂ ಜೋರಾಗಿ ಅತ್ತಿತು. ತೊಳೆದಳು. ಕಂಬಳಿ ಹೊದಿಸಿದಳು. ಸೆಕೆಗೆ ಕೂಸು ಒದ್ದಾಡಿತು. ತೆಗೆದಳು.

“ನಾ ಬೀಸ್ತೀನಿ, ನೀ ಸ್ವಲ್ಪ ಮಲಕ್ಕೋ,” ಎಂದಿತು ಗಾಳಿ. ಒಂದು ಗಳಿಗೆ ಬೀಸಿತು ಕೂಡ. ಆಮೇಲೆ ಗುಡ್ಡದಾಚೆ ಜೋಳದ ಹೊಲ ಕಂಡಿತು, ಹೋಯಿತು. ಗಾಳಿಯನ್ನು ನಂಬಿ ಯಾರಾದರೂ ಮಲಗುತ್ತಾರೆಯೇ?

ಮಾಳವ್ವ ಮತ್ತೆ ಕೈ ಬೀಸಿದಳು. ಕೈ ಸೋತಿತು. ಕಣ್ಣು ತುಂಬಿ ಬಂದವು.

“ಯವ್ವಾ, ನಾ ಬೀಸ್ಲೇನು?” ಲಕ್ಕಿ ನಾಚುತ್ತ ಕೇಳಿತು. ಕೊಂಬೆ ಬಗ್ಗಿಸಿ ಎಲೆ ಆಡಿಸಿತು. ಸೊಳ್ಳೆಗಳು ಹೋಗುವುದಿರಲಿ, ಆ ದುಂಡು ಎಲೆಗಳ ಮೇಲೇ ಕೂತು ಜೋಕಾಲಿ ಆಡಿದವು.

“ನಿನ್ನ ಕೈಗೆ ಅಂಜತಾವ, ನನಗ ಅಂಜೂದಿಲ್ಲ,” ಎಂದಿತು ಲಕ್ಕಿ. “ನಿನ್ನ ಕೈಯಾಗ ಏನೈತಿ?”

“ಏನೈತಿ ನನ್ನವ್ವಾ! ಐದು ಬೆರಳು. ಒಲಿ ಬೂದಿ. ಕೂಸಿಗೆ ತಿಕ್ಕಿದ ಬೆಳ್ಳುಳ್ಳಿ ಎಣ್ಣಿ ಘಾಟು.”

“ಅದನ್ನೆಲ್ಲ ನನಗ ಕೊಡು.”

ಮಾಳವ್ವ ಸುಳ್ಳು ಹೇಳುವ ಹೆಂಗಸಲ್ಲ. “ಘಾಟು ಹತ್ತಿದ್ರ ಮರಿಗೋಳು ನಿನ್ನ ಹತ್ರ ಬರಂಗಿಲ್ಲ, ನೋಡು ಮತ್ತ.”

ಲಕ್ಕಿ ಮರಿಗಳನ್ನು ನೋಡಿತು. ತುಂಬ ಹೊತ್ತು ನೋಡಿತು. ಅಷ್ಟರಲ್ಲಿ ಕೂಸು ಅತ್ತಿತು. ಅಳುವುದಕ್ಕೂ ಶಕ್ತಿಯಿಲ್ಲದ ಸಣ್ಣ ಅಳು ಅದು.

“ಹಿಡಿ ಯವ್ವಾ,” ಎಂದಿತು ಲಕ್ಕಿ.

ಮಾಳವ್ವ ಬೂದಿಗೈಯನ್ನು ಎಲೆಯ ಅಡಿಗೆ ಕೊಟ್ಟು, ಕೂಸಿನ ಅಂಗೈ ಹಿಡಿದಂತೆ ಮೆಲ್ಲಗೆ ಹಿಡಿದಳು. ಒಂದೊಂದೇ ಎಲೆ ಹಿಡಿಯುತ್ತ ಹೋದಳು. ಎಲೆಗಳು ಸೀಳಿ ಐದೈದು ಬೆರಳಾದವು. ನೋವಿಗೆ ಹೆದರಿ ಕೆಲವು ಅವಸರದಲ್ಲಿ ಕೈ ಎಳೆದುಕೊಂಡವು. ಅವಕ್ಕೆ ಮೂರೇ ಬೆರಳು.

“ನೋವಾತೇನು?”

“ಆತು. ಆದ್ರ ಈಗ ಬೀಸಾಕ ಬರ್ತೈತಿ.”

ಲಕ್ಕಿ ಬೀಸಿತು. ಘಾಟು ಎದ್ದಿತು. ಉದುರಿದ ನಾಲ್ಕು ಎಲೆಗಳನ್ನು ಮಾಳವ್ವ ಒಲೆಯ ಕೆಂಡದ ಮೇಲೆ ಹಾಕಿದಳು, ತೆಳ್ಳಗೆ ಹೊಗೆ ಹಬ್ಬಿತು. ಸೊಳ್ಳೆ ಮೂಗು ಮುಚ್ಚಿಕೊಂಡು ಎಮ್ಮೆಯ ಕಡೆ ಹೊರಟಿತು. ಎಮ್ಮೆ ಇನ್ನಷ್ಟು ಕೆಸರಿಗಿಳಿಯಿತು. ಕೂಸು ಹೊಟ್ಟೆ ತುಂಬ ಹಾಲು ಕುಡಿದು ನಿದ್ದೆ ಹೋಯಿತು. ಅದರ ಪಕ್ಕದಲ್ಲೇ ಅವ್ವನೂ ಮಲಗಿದಳು.

ಬೆಳಗಾದಾಗ ಒಂದು ಮರಿ ಎಲೆ ಮೆಲ್ಲಲು ಲಕ್ಕಿಯ ಬಳಿ ಹೋಯಿತು, ಮೂಸಿತು, ಸೀನಿತು, ತಿರುಗಿ ಓಡಿತು. ಲಕ್ಕಿಯ ಎಲೆಗಳೆಲ್ಲ ಜೋತುಬಿದ್ದವು.

ಮಾಳವ್ವ ಆ ಎಲೆಗಳನ್ನು ಸವರಿದಳು. “ಮರಿ ಬರದಿದ್ರ ಏನಾತವ್ವಾ? ನಾ ಬರ್ತೀನಿ. ನನ್ನ ಮಕ್ಕಳು ಬರ್ತಾರ, ಅವರ ಮಕ್ಕಳು ಬರ್ತಾರ. ನಿನ್ನ ಒಂಟಿ ಬಿಡಂಗಿಲ್ಲ.”

ಆ ಮಾತನ್ನು ಅವರು ಉಳಿಸಿಕೊಂಡು ಬಂದಿದ್ದಾರೆ. ಬಯಲಲ್ಲಿ ಬೀಡು ಬಿಡುವ ಕುರಿಗಾರರು ಮೊದಲು ಲಕ್ಕಿಯನ್ನು ಹುಡುಕುತ್ತಾರೆ, ಎಲೆ ಕೀಳುವ ಮುನ್ನ ಒಮ್ಮೆ ಸವರುತ್ತಾರೆ. ನೀನೂ ಗುಡ್ಡ ಹತ್ತಲು ಹೋದಾಗ ಹಳ್ಳದ ದಂಡೆಯಲ್ಲಿ ಅದು ಕಂಡರೆ ಕೈ ಹಿಡಿದು ಮಾತಾಡಿಸು. ಎಲೆಯನ್ನು ತಿರುಗಿಸಿ ನೋಡು, ಅಡಿಯಲ್ಲಿ ಬೆಳ್ಳಗೆ ಕಾಣುತ್ತದೆ: ಮಾಳವ್ವನ ಕೈಯ ಬೂದಿ ಇನ್ನೂ ಹೋಗಿಲ್ಲ.